ಕೊರಳ ಪಾರ್ಶ್ವದ ಶಾರೀರ: ಒಂದೇ ಕೋಶದಲ್ಲಿ ಅಡಗಿದ್ದುದನ್ನು ಬೇರ್ಪಡಿಸಿದ ಚರಿತ್ರೆ

೧. ವಿಷಯನಿರ್ದೇಶ

ಶಿರಸ್ಸನ್ನೂ ಮುಂಡವನ್ನೂ ಜೋಡಿಸುವ ಕೊರಳು ಅಳತೆಯಲ್ಲಿ ಅಲ್ಪವಾದರೂ, ಉಸಿರು, ಅನ್ನ, ರಕ್ತ, ಸ್ವರ, ಸಂವೇದನೆ ಎಂಬ ಇಷ್ಟೂ ವ್ಯಾಪಾರಗಳು ಹಾದುಹೋಗಲೇಬೇಕಾದ ಇಕ್ಕಟ್ಟಿನ ಹಾದಿಯಾಗಿರುವುದರಿಂದ, ವೈದ್ಯರ ಗಮನವನ್ನು ಅತಿ ಪ್ರಾಚೀನಕಾಲದಿಂದಲೂ ಸೆಳೆದಿದೆ. ಅದರ ಮುಂಭಾಗದಲ್ಲಿರುವ ಧ್ವನಿಪೆಟ್ಟಿಗೆ ಮತ್ತು ಶ್ವಾಸನಾಳಗಳು ಕೈಗೆ ಸಿಕ್ಕುವಂಥವು. ಹಿಂಭಾಗವು ಬೆನ್ನೆಲುಬಿನ ಮತ್ತು ದಪ್ಪನಾದ ಸ್ನಾಯುಗಳ ಆಶ್ರಯದಲ್ಲಿದೆ. ಪಾರ್ಶ್ವಭಾಗದ ಸ್ಥಿತಿ ಹೀಗಲ್ಲ. ಗದ್ದವನ್ನು ಬಲಕ್ಕೆ ತಿರುಗಿಸಿದಾಗ ಎಡಗಡೆಯಲ್ಲಿ, ಕಿವಿಯ ಹಿಂದಣ ಎಲುಬಿನ ಉಬ್ಬಿನಿಂದ ಹೊರಟು ಎದೆಮೂಳೆಯ ಮೇಲ್ತುದಿಗೂ ಕೊರಳೆಲುಬಿನ ಒಳತುದಿಗೂ ಓರೆಯಾಗಿ ಇಳಿದು ಎದ್ದುಕಾಣುವ ಸ್ಟರ್ನೊಮಾಸ್ಟಾಯ್ಡ್ ಎಂಬ ಸ್ನಾಯು ಈ ಪ್ರದೇಶವನ್ನು ಮುಂದಣ ತ್ರಿಕೋಣ, ಹಿಂದಣ ತ್ರಿಕೋಣ ಎಂದು ಎರಡಾಗಿ ವಿಭಾಗಿಸುತ್ತದೆ. ಆ ಸ್ನಾಯುವಿನ ಮರೆಯಲ್ಲಿ, ತಲೆಬುರುಡೆಯ ತಳದಿಂದ ಕೊರಳ ಬುಡದವರೆಗೆ, ತೆಳುವಾದ ಪೊರೆಯ ಒಂದು ಕೋಶವಿದ್ದು, ಅದರೊಳಗೆ ಮೂರು ಪ್ರಧಾನ ರಚನೆಗಳು ಒತ್ತಾಗಿ ಸಾಗಿವೆ: ಒಳಮಗ್ಗುಲಿನಲ್ಲಿ ಮಿದುಳಿಗೆ ರಕ್ತವನ್ನೊಯ್ಯುವ ಕೆರಾಟಿಡ್ ಧಮನಿ, ಹೊರಮಗ್ಗುಲಿನಲ್ಲಿ ಅಲ್ಲಿಂದ ರಕ್ತವನ್ನು ಇಳಿಸುವ ಜುಗುಲರ್ ಅಭಿಧಮನಿ, ಇವೆರಡರ ನಡುವೆ ತುಸು ಹಿಂದಕ್ಕೆ ಸರಿದು ವೇಗಸ್ ನರ. ಕೋಶದ ಬೆನ್ನಿಗೆ ಅನುಕಂಪಿ ನರಸರಣಿಯಿದೆ. ಅಭಿಧಮನಿಯ ಉದ್ದಕ್ಕೂ ದುಗ್ಧಗ್ರಂಥಿಗಳು ಸಾಲುಗೊಂಡಿವೆ. ಒಳಗಡೆ ಶ್ವಾಸನಾಳಕ್ಕೂ ಅನ್ನನಾಳಕ್ಕೂ ಮಧ್ಯದ ಸಂದಿನಲ್ಲಿ, ಎದೆಯವರೆಗೆ ಇಳಿದ ವೇಗಸ್ಸಿನ ಒಂದು ಶಾಖೆ ಪುನಃ ಮೇಲಕ್ಕೇರಿ ಧ್ವನಿಪೆಟ್ಟಿಗೆಯನ್ನು ಸೇರುತ್ತದೆ; ಇದೇ ಮರುಕಳಿಸುವ ನರ.

ಇಷ್ಟು ಸಮೀಪದಲ್ಲಿ ಇಷ್ಟು ಭಿನ್ನವಾದ ವಸ್ತುಗಳು ಕೂಡಿಕೊಂಡಿರುವುದೇ ಈ ಪ್ರದೇಶದ ಜ್ಞಾನಚರಿತ್ರೆಗೆ ವಿಶಿಷ್ಟವಾದ ಆಕಾರವನ್ನು ಕೊಟ್ಟಿದೆ. ಇಲ್ಲಿ ಗಾಯವಾದರೆ ಒಂದು ರಚನೆಗೆ ಮಾತ್ರ ಪೆಟ್ಟು ಬೀಳುವುದು ವಿರಳ. ಹೊರಗಿನಿಂದ ಒತ್ತಿದರೆ ಮೂರೂ ಒಟ್ಟಿಗೆ ಒತ್ತಲ್ಪಡುತ್ತವೆ. ಆದುದರಿಂದ ಸ್ವರಭಂಗ, ಮೂರ್ಛೆ, ಪಾರ್ಶ್ವವಾಯು, ಮರಣ ಎಂಬ ಪರಿಣಾಮಗಳನ್ನು ಪ್ರಾಚೀನರು ಸರಿಯಾಗಿಯೇ ಕಂಡಿದ್ದರೂ, ಯಾವ ಪರಿಣಾಮ ಯಾವ ರಚನೆಗೆ ಸಲ್ಲತಕ್ಕದ್ದೆಂಬುದು ನಿರ್ಣಯವಾಗಲು ಎರಡು ಸಹಸ್ರ ವರ್ಷಗಳಿಗೆ ಮಿಗಿಲಾದ ಕಾಲ ಬೇಕಾಯಿತು. ಕೊರಳ ಪಾರ್ಶ್ವದ ಶಾರೀರದ ಚರಿತ್ರೆಯು ಹೊಸ ಅಂಗಗಳ ಆವಿಷ್ಕಾರಕ್ಕಿಂತ ಹೆಚ್ಚಾಗಿ, ಪ್ರಕೃತಿಯು ಒಂದಾಗಿ ಸುತ್ತಿಟ್ಟುದನ್ನು ಒಂದೊಂದಾಗಿ ಬಿಡಿಸಿ ಪ್ರತಿಯೊಂದಕ್ಕೂ ಅದರದರ ಧರ್ಮವನ್ನು ಸಲ್ಲಿಸಿದ ಚರಿತ್ರೆ ಎಂಬುದನ್ನು ನಿರೂಪಿಸುವುದು ಈ ಪ್ರಬಂಧದ ಉದ್ದೇಶ.

೨. ಸುಶ್ರುತಸಂಹಿತೆಯ ಮರ್ಮವಿಚಾರ

ಭಾರತೀಯ ಶಲ್ಯತಂತ್ರದ ಮೂಲಗ್ರಂಥವಾದ ಸುಶ್ರುತಸಂಹಿತೆಯು ಶರೀರದಲ್ಲಿ ೧೦೭ ಮರ್ಮಗಳನ್ನು ಎಣಿಸಿ, ಅವುಗಳಲ್ಲಿ ೩೭ನ್ನು ಜತ್ರುವಿನ, ಅಂದರೆ ಕೊರಳೆಲುಬಿನ, ಮೇಲಣ ಭಾಗಕ್ಕೆ ಹೇಳಿದೆ. ಶಾರೀರಸ್ಥಾನದ ಆರನೆಯ ಅಧ್ಯಾಯದಲ್ಲಿ ಬರುವ ಈ ವಿವರಣೆಯ ಪ್ರಕಾರ, ಕಂಠನಾಡಿಯ ಎರಡು ಪಕ್ಕಗಳಲ್ಲಿ ನೀಲಾ ಎಂಬ ಎರಡು ಮತ್ತು ಮನ್ಯಾ ಎಂಬ ಎರಡು ಧಮನಿಗಳಿವೆ. ಅವುಗಳಿಗೆ ಆಘಾತವಾದರೆ ಮೂಕತ್ವ, ಸ್ವರವಿಕಾರ, ರಸಜ್ಞಾನದ ಲೋಪ ಇವು ಉಂಟಾಗುವುವು. ಗ್ರೀವೆಯ ಎರಡು ಪಾರ್ಶ್ವಗಳಲ್ಲಿ ತಲಾ ನಾಲ್ಕರಂತೆ ಎಂಟು ಮಾತೃಕಾ ಸಿರೆಗಳಿವೆ. ಅವುಗಳ ಆಘಾತದಿಂದ ಸದ್ಯೋಮರಣ. ಶಿರಸ್ಸು ಮತ್ತು ಗ್ರೀವೆಗಳ ಸಂಧಿಯಲ್ಲಿ ಕೃಕಾಟಿಕಗಳಿವೆ. ಅಲ್ಲಿ ಪೆಟ್ಟಾದರೆ ತಲೆ ನಿಲ್ಲದೆ ಅಲುಗಾಡುತ್ತದೆ. ಕಿವಿಯ ಹಿಂದೆ ಕೆಳಗಡೆಯಲ್ಲಿ ವಿಧುರಗಳಿವೆ. ಅಲ್ಲಿಯ ಆಘಾತದಿಂದ ಕಿವುಡು ಸಂಭವಿಸುತ್ತದೆ.

ಈ ವರ್ಗೀಕರಣದಲ್ಲಿ ಗಮನಾರ್ಹವಾದ ಅಂಶವೆಂದರೆ, ಒಂದೇ ಕೊರಳಿನ ಒಂದೇ ಪಾರ್ಶ್ವದಲ್ಲಿ ಇರುವ ರಚನೆಗಳನ್ನು ಅವುಗಳ ಆಘಾತದ ಫಲವನ್ನು ನೋಡಿ ಎರಡು ಬೇರೆ ಪಂಗಡಗಳಲ್ಲಿ ಇರಿಸಿರುವುದು. ಮಾತೃಕೆಗಳು ಸದ್ಯಃಪ್ರಾಣಹರಗಳ ಪಂಗಡಕ್ಕೆ ಸೇರಿದರೆ, ನೀಲಾ ಮನ್ಯೆಗಳು ವೈಕಲ್ಯಕರಗಳ ಪಂಗಡಕ್ಕೆ ಸೇರಿವೆ. ಕೊರಳಿನ ಪಕ್ಕಕ್ಕೆ ಗಾಯವಾದವರಲ್ಲಿ ಕೆಲವರು ಕ್ಷಣಾರ್ಧದಲ್ಲಿ ಸಾಯುವುದನ್ನೂ, ಮತ್ತೆ ಕೆಲವರು ಬದುಕಿಯೂ ಸ್ವರವನ್ನು ಕಳೆದುಕೊಳ್ಳುವುದನ್ನೂ ಕಣ್ಣಾರೆ ಕಂಡ ಶಸ್ತ್ರವೈದ್ಯರ ಅನುಭವ ಈ ಭೇದದ ಹಿಂದೆ ಇರಬೇಕೆಂದು ಊಹಿಸುವುದು ಅಸಂಗತವಾಗದು. ಮುಂದಿನ ಅಧ್ಯಾಯದಲ್ಲಿ ಸಿರಾವ್ಯಧದ ಪ್ರಸಂಗ ಬಂದಾಗ, ಗ್ರೀವೆಯ ಸಿರೆಗಳಲ್ಲಿ ೧೬ನ್ನು ಚುಚ್ಚಲೇಬಾರದೆಂದು ನಿಷೇಧಿಸಿರುವುದರಿಂದ, ಈ ಮರ್ಮಪರಿಜ್ಞಾನವು ಶಸ್ತ್ರವನ್ನು ಹಿಡಿದ ಕೈಯನ್ನು ತಡೆಯುವ ನಿಯಮವಾಗಿಯೂ ಇದ್ದಿತೆಂಬುದು ಸ್ಪಷ್ಟವಾಗುತ್ತದೆ.

ಆದರೆ ಸ್ವರನಾಶವನ್ನು ಧಮನಿಗೆ ಆರೋಪಿಸಿದ್ದು ಏಕೆ? ಇದಕ್ಕೆ ಉತ್ತರವು ಆ ಕಾಲದ ಶವಪರೀಕ್ಷೆಯ ವಿಧಾನದಲ್ಲಿ ಸಿಗಬಹುದೆಂದು ನನಗೆ ತೋರುತ್ತದೆ. ವಿಷದಿಂದ ಸಾಯದ, ದೀರ್ಘವ್ಯಾಧಿಯಿಂದ ಪೀಡಿತವಾಗದ ಶರೀರವನ್ನು ಆರಿಸಿ, ಕರುಳಿನ ಮಲವನ್ನು ತೆಗೆದು, ಮುಂಜಹುಲ್ಲು, ನಾರುಬಟ್ಟೆ ಮೊದಲಾದುವುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನ ಮರೆಯಾದ ತಾಣದಲ್ಲಿ ಏಳು ರಾತ್ರಿ ಇರಿಸಿ, ಚೆನ್ನಾಗಿ ಕೊಳೆತ ಬಳಿಕ ಲಾಮಂಚ, ಕೂದಲು, ಬಿದಿರು ಇವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಚರ್ಮದಿಂದ ಮೊದಲ್ಗೊಂಡು ಒಳಗಿನ ಒಂದೊಂದು ಅಂಗವನ್ನೂ ಕಣ್ಣಿನಿಂದ ನೋಡಬೇಕೆಂದು ಸಂಹಿತೆ ವಿಧಿಸಿದೆ. ಶಾಸ್ತ್ರದಿಂದ ತಿಳಿದುದನ್ನು ಪ್ರತ್ಯಕ್ಷದಿಂದ ದೃಢಪಡಿಸಿಕೊಳ್ಳಬೇಕೆಂಬ ಈ ಆಗ್ರಹವು ಅತ್ಯಂತ ಗೌರವಾರ್ಹವಾದುದು. ಆದರೂ ಈ ಕ್ರಮದಲ್ಲಿ ಎಲುಬು, ಸಂಧಿ, ಸ್ನಾಯು, ದೊಡ್ಡ ನಾಳಗಳು ಉಳಿದು ಕಾಣುವುವೇ ಹೊರತು, ಧಮನಿಯ ಮಗ್ಗುಲಿಗೇ ಅಂಟಿಕೊಂಡಿರುವ ಸೂಕ್ಷ್ಮವಾದ ನರವು ನಾಳದಿಂದ ಬೇರೆಯಾಗಿ ಕಾಣುವುದು ಕಷ್ಟಸಾಧ್ಯ. ಲಕ್ಷಣವು ನಿಜ, ಸ್ಥಾನವೂ ನಿಜ, ಆಶ್ರಯವು ಮಾತ್ರ ಪಕ್ಕದ ನಾಳಕ್ಕೆ ಸಂದಿತು.

೩. ಗ್ರೀಕರು ಮತ್ತು ಗ್ಯಾಲೆನನ ಪ್ರಯೋಗ

ಇದೇ ಸಮಸ್ಯೆ ಗ್ರೀಕ್ ವೈದ್ಯದಲ್ಲಿಯೂ ತಲೆದೋರಿತು. ಕೊರಳಿನ ನಾಳಗಳನ್ನು ಹೊರಗಿನಿಂದ ಒತ್ತಿದಾಗ, ಉಸಿರು ಕಟ್ಟದಿದ್ದರೂ, ಮನುಷ್ಯನು ಕಣ್ಮುಚ್ಚಿ ಪ್ರಜ್ಞೆತಪ್ಪಿ ಕುಸಿಯುವನೆಂಬುದನ್ನು ಅರಿಸ್ಟಾಟಲನು ತನ್ನ ಪ್ರಾಣಿವಿಷಯಕ ಗ್ರಂಥದಲ್ಲಿ ದಾಖಲಿಸಿದ್ದಾನೆ. ಪ್ರಜ್ಞೆಯೂ ಸ್ವರವೂ ಈ ನಾಳಗಳ ಆಶ್ರಯದಲ್ಲಿವೆಯೆಂಬ ನಂಬಿಕೆ ಅನಂತರದ ಕಾಲದಲ್ಲಿ ಬೇರೂರಿತು. ಕೆರಾಟಿಡ್ ಎಂಬ ಹೆಸರೇ ಜಡನಿದ್ರೆಯನ್ನು ಸೂಚಿಸುವ ಗ್ರೀಕ್ ಪದದಿಂದ ಹುಟ್ಟಿದ್ದು ಆ ನಂಬಿಕೆಯ ಫಲ.

ಈ ಗಂಟನ್ನು ಬಿಡಿಸಿದವನು ಪೆರ್ಗಮಮ್ ನಗರದಲ್ಲಿ ಕ್ರಿ.ಶ. ೧೨೯ರಲ್ಲಿ ಜನಿಸಿ ರೋಮಿನಲ್ಲಿ ಕೀರ್ತಿವಂತನಾದ ಗ್ಯಾಲೆನನು. ಜೀವಂತ ಪ್ರಾಣಿಗಳ ಕೊರಳನ್ನು ತೆರೆದು, ಧಮನಿಯನ್ನು ನರದಿಂದ ಎಚ್ಚರಿಕೆಯಿಂದ ಬಿಡಿಸಿ, ಧಮನಿಯನ್ನು ಮಾತ್ರ ದಾರದಿಂದ ಕಟ್ಟಿದಾಗ ಪ್ರಾಣಿಗೆ ಸ್ವರವೂ ಹೋಗಲಿಲ್ಲ, ಜಡತೆಯೂ ಬರಲಿಲ್ಲ. ನರವನ್ನು ಕಟ್ಟಿದಾಗಲಾದರೋ ಸ್ವರವು ತತ್‌ಕ್ಷಣವೇ ನಿಂತಿತು. ಹಿಂದಿನವರು ಎರಡನ್ನೂ ಒಟ್ಟಿಗೆ ಕಟ್ಟಿ, ನರಬಂಧನದ ಫಲವನ್ನು ಧಮನಿಗೆ ಹಚ್ಚಿದರೆಂದು ಅವನು ತೋರಿಸಿದನು. ಮಾಜಿ ಕಾನ್ಸುಲನಾದ ಫ್ಲೇವಿಯಸ್ ಬೊಯೇಥಸನ ಆಶ್ರಯದಲ್ಲಿ ರೋಮಿನ ವಿದ್ವಜ್ಜನರ ಮುಂದೆ ಅವನು ನಡೆಸಿದ ಪ್ರದರ್ಶನದಲ್ಲಿ, ಕೂಗುತ್ತಿದ್ದ ಹಂದಿಯು, ಕೊರಳಿನ ಎರಡು ಪಕ್ಕಗಳ ಮರುಕಳಿಸುವ ನರಗಳಿಗೆ ಕುಣಿಕೆ ಬಿಗಿದೊಡನೆ ಮೂಕವಾಯಿತು. ಕುಣಿಕೆ ಸಡಿಲಿಸಿದಾಗ ಮತ್ತೆ ಕೂಗಿತು. ಮಾತು ಹುಟ್ಟುವುದು ಹೃದಯದಲ್ಲಿ ಎಂಬ ತಾತ್ತ್ವಿಕರ ಪಕ್ಷಕ್ಕೆ ಪ್ರತಿಯಾಗಿ, ಸ್ವರದ ಆಜ್ಞೆ ಮಿದುಳಿನಿಂದ ನರದ ಮೂಲಕ ಬರುತ್ತದೆಂಬ ಸಿದ್ಧಾಂತಕ್ಕೆ ಇದು ಪ್ರತ್ಯಕ್ಷಪ್ರಮಾಣವಾಯಿತು.

ಗ್ಯಾಲೆನನು ಇದನ್ನು ಮನುಷ್ಯರಲ್ಲಿಯೂ ಕಂಡಿದ್ದನು. ಕೊರಳಿನ ಆಳದಲ್ಲಿ ಬೆಳೆದ ಗಂಡಮಾಲೆಯ ಗಂಟುಗಳನ್ನು ಕೀಳಹೋದ ಒಬ್ಬ ವೈದ್ಯನು, ನಾಳಗಳನ್ನು ಕತ್ತರಿಸಬಾರದೆಂಬ ಭಯದಿಂದ ಶಸ್ತ್ರವನ್ನು ಬಿಟ್ಟು ಉಗುರಿನಿಂದ ಹರಿದು, ತನಗೆ ತಿಳಿಯದಂತೆಯೇ ಮರುಕಳಿಸುವ ನರವನ್ನು ತುಂಡರಿಸಿ ಬಾಲಕನನ್ನು ಮೂಕನನ್ನಾಗಿ ಮಾಡಿದ ವೃತ್ತಾಂತವನ್ನು ಅವನು ಬರೆದಿಟ್ಟಿದ್ದಾನೆ. ನಾಳವೊಂದನ್ನೇ ಅಪಾಯವೆಂದು ಬಗೆದವನ ಜಾಗರೂಕತೆಯೇ ರೋಗಿಯ ಮಾತನ್ನು ಕಸಿದುಕೊಂಡಿತು. ಪಕ್ಕದಲ್ಲಿ ಮತ್ತೇನಿದೆಯೆಂದು ಅರಿಯದ ಎಚ್ಚರಿಕೆ ಎಷ್ಟು ಅಪೂರ್ಣವೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ. ಇಂದಿಗೂ ಥೈರಾಯ್ಡ್ ಗ್ರಂಥಿಯ ಶಸ್ತ್ರಕ್ರಿಯೆಯಲ್ಲಿ ಶಸ್ತ್ರವೈದ್ಯನು ಮೊದಲು ಹುಡುಕಿ ಗುರುತಿಸಿಕೊಳ್ಳುವುದು ಈ ನರವನ್ನೇ.

ಆದರೆ ಗ್ಯಾಲೆನನ ನಿರ್ಣಯವೂ ಸಂಪೂರ್ಣವಲ್ಲ. ಅವನು ಕಟ್ಟಿದುದು ಪಶುಗಳ ಧಮನಿಗಳನ್ನು. ಅವುಗಳಿಗೆ ಹಾನಿಯಾಗದ್ದರಿಂದ ಧಮನಿಯು ಮಿದುಳಿಗೆ ಅತ್ಯಾವಶ್ಯಕವಲ್ಲವೆಂಬ ಭಾವನೆಗೆ ಎಡೆಯಾಯಿತು. ಗೋಜಾತಿ ಮೊದಲಾದ ಪ್ರಾಣಿಗಳಲ್ಲಿ ತಲೆಬುರುಡೆಯ ತಳದಲ್ಲಿ ಕಾಣುವ ಧಮನೀಜಾಲವನ್ನು ಮನುಷ್ಯನಿಗೂ ಆರೋಪಿಸಿ, ಅಲ್ಲಿ ಜೀವವಾಯುವು ಸಂಸ್ಕಾರಗೊಂಡು ಮಾನಸವಾಯುವಾಗುವುದೆಂದು ಅವನು ಕಲ್ಪಿಸಿದ್ದು ಹದಿಮೂರು ಶತಮಾನಗಳ ಪರ್ಯಂತ ಪ್ರಮಾಣವಾಗಿ ನಿಂತಿತು.

೪. ಮಾನವದೇಹವನ್ನೇ ಪ್ರಮಾಣವಾಗಿ ಇಟ್ಟುಕೊಂಡ ಕಾಲ

ಈ ಧಮನೀಜಾಲವು ಮನುಷ್ಯನಲ್ಲಿ ಇಲ್ಲವೆಂದು ಮೊದಲು ಸಂದೇಹವೆತ್ತಿದವನು ಬೊಲೋನ್ಯದ ಬೆರೆಂಗಾರಿಯೊ. ಅದನ್ನು ಸ್ಥಿರಪಡಿಸಿದವನು ವೆಸೇಲಿಯಸ್. ೧೫೩೮ರಲ್ಲಿ ಪ್ರಕಟಿಸಿದ ಚಿತ್ರಪಟಗಳಲ್ಲಿ ತಾನೂ ಆ ಜಾಲವನ್ನು ಬಿಡಿಸಿದ್ದ ವೆಸೇಲಿಯಸ್, ೧೫೪೩ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ಮಾನವದೇಹರಚನೆಯ ಮಹಾಗ್ರಂಥದಲ್ಲಿ ಅದು ಮನುಷ್ಯನಲ್ಲಿಲ್ಲವೆಂದು ನಿಸ್ಸಂಕೋಚವಾಗಿ ಹೇಳಿದನು. ಆ ಗ್ರಂಥದ ಸ್ನಾಯುಚಿತ್ರಗಳಲ್ಲಿ ಕೊರಳಿನ ಪಾರ್ಶ್ವವು ಪದರಪದರವಾಗಿ ಕಳಚಿ ತೋರುತ್ತದೆ. ಕೊನೆಯ ಅಧ್ಯಾಯದಲ್ಲಿ ಗ್ಯಾಲೆನನ ಮರುಕಳಿಸುವ ನರದ ಪ್ರಯೋಗವು ಪುನಃ ವರ್ಣಿತವಾಗಿದೆ.

ರಕ್ತಪರಿಚಲನೆಯನ್ನು ಸಿದ್ಧಪಡಿಸಿದ ವಿಲಿಯಂ ಹಾರ್ವೆಯ ೧೬೨೮ರ ಗ್ರಂಥದಲ್ಲಿಯೂ ಕೊರಳಿನ ಅಭಿಧಮನಿಗೆ ಒಂದು ಪ್ರಮುಖವಾದ ಪಾತ್ರವಿದೆ. ಅಭಿಧಮನಿಗಳ ಕವಾಟಗಳು ರಕ್ತವು ಭಾರದಿಂದ ಪಾದಗಳ ಕಡೆಗೆ ಕುಸಿಯದಂತೆ ತಡೆಯುವುದಕ್ಕಾಗಿ ಇರುವುವೆಂದು ಅದುವರೆಗೆ ವಿವರಿಸುತ್ತಿದ್ದರು. ಜುಗುಲರ್ ಅಭಿಧಮನಿಯಲ್ಲಾದರೋ ಕವಾಟಗಳು ಕೆಳಮುಖವಾಗಿದ್ದು, ರಕ್ತವು ಮೇಲಕ್ಕೇರುವುದನ್ನು ತಡೆಯುತ್ತವೆಯೇ ಹೊರತು ಕೆಳಗಿಳಿಯುವುದನ್ನಲ್ಲ. ಆದುದರಿಂದ ಕವಾಟಗಳ ಪ್ರಯೋಜನವು ಎಲ್ಲೆಡೆಯಲ್ಲಿಯೂ ರಕ್ತವನ್ನು ಹೃದಯಾಭಿಮುಖವಾಗಿ ನಡೆಯಿಸುವುದೊಂದೇ ಎಂದು ಹಾರ್ವೆ ವಾದಿಸಿದನು. ಧಮನಿಯೂ ಅಭಿಧಮನಿಯೂ ಜೊತೆಯಾಗಿ ಸಾಗಿದರೂ ಅವುಗಳ ಪ್ರವಾಹ ಪರಸ್ಪರ ವಿರುದ್ಧವೆಂಬ ಭೇದ ಹೀಗೆ ನೆಲೆಗೊಂಡಿತು.

ಧಮನಿಯನ್ನು ಕಟ್ಟಿದ ಪಶುಗಳು ಏಕೆ ಬದುಕಿದುವೆಂಬ ಪ್ರಶ್ನೆಗೆ ಉತ್ತರವನ್ನು ಕೊಟ್ಟವನು ಆಕ್ಸ್‌ಫರ್ಡಿನ ಥಾಮಸ್ ವಿಲಿಸ್. ಕ್ರಿಸ್ಟಫರ್ ರೆನ್ನನ ಚಿತ್ರಗಳೊಡನೆ ೧೬೬೪ರಲ್ಲಿ ಹೊರಬಂದ ಅವನ ಮಿದುಳಿನ ಶಾರೀರದಲ್ಲಿ, ಎರಡು ಕೆರಾಟಿಡ್‌ಗಳೂ ಬೆನ್ನೆಲುಬಿನ ಹಾದಿಯಿಂದ ಏರಿ ಬರುವ ಧಮನಿಗಳೂ ಮಿದುಳಿನ ತಳದಲ್ಲಿ ಕೂಡಿ ಒಂದು ವಲಯವಾಗುವ ಬಗೆ ವರ್ಣಿತವಾಗಿದೆ. ಒಂದು ಪಾರ್ಶ್ವದ ಧಮನಿಯೊಳಗೆ ಹೊಗಿಸಿದ ಬಣ್ಣದ ದ್ರವವು ಮತ್ತೊಂದು ಪಾರ್ಶ್ವದಲ್ಲಿ ಕಾಣಿಸಿಕೊಂಡಿತು. ಉದರರೋಗದಿಂದ ಮೃತನಾದ ಒಬ್ಬನಲ್ಲಿ ಬಲಗಡೆಯ ಕೆರಾಟಿಡ್ ಧಮನಿ ಕಲ್ಲಿನಂತೆ ಗಟ್ಟಿಯಾಗಿ ಮುಚ್ಚಿಹೋಗಿದ್ದರೂ, ಜೀವಂತನಾಗಿದ್ದಾಗ ಅವನಿಗೆ ಮಿದುಳಿನ ಯಾವ ವಿಕಾರವೂ ಇರದಿದ್ದುದನ್ನು ವಿಲಿಸ್ ಕಂಡು, ಅದೇ ಪಕ್ಕದ ಬೆನ್ನೆಲುಬಿನ ಧಮನಿಯು ಹಿಗ್ಗಿ ಅದರ ಕೆಲಸವನ್ನು ವಹಿಸಿಕೊಂಡಿತ್ತೆಂದು ತೋರಿಸಿದನು. ಕೊರಳಿನಿಂದ ಹೊರಟು ಹೆಗಲಿನ ಸ್ನಾಯುವನ್ನು ಸೇರುವ, ಬೆನ್ನುಹುರಿಯಿಂದ ಹುಟ್ಟುವ ಉಪಾಂಗನರವನ್ನು ವಿಶದವಾಗಿ ಬೇರ್ಪಡಿಸಿ ವರ್ಣಿಸಿದ್ದೂ ಇದೇ ಗ್ರಂಥದಲ್ಲಿ. ಆ ನರದ ಮಹತ್ವ ಮುಂದೆ ವಿದಿತವಾಗುವುದು.

೫. ದುಗ್ಧಮಾರ್ಗ ಮತ್ತು ಗ್ರಂಥಿಗಳು

ಕೊರಳ ಪಾರ್ಶ್ವದ ಗಂಟುಗಳು ಸಾಮಾನ್ಯ ಜನರಿಗೂ ಚಿರಪರಿಚಿತವಾದ ವ್ಯಾಧಿ. ನಮ್ಮಲ್ಲಿ ಗಂಡಮಾಲೆ, ಅಪಚಿ ಎಂಬ ಹೆಸರುಗಳಿಂದ ಸುಶ್ರುತಸಂಹಿತೆಯಷ್ಟು ಹಳೆಯ ಕಾಲದಿಂದ ಇದರ ವಿಚಾರ ನಡೆದಿದೆ. ಇಂಗ್ಲೆಂಡ್ ಮತ್ತು ಫ್ರಾನ್ಸ್ ದೇಶಗಳಲ್ಲಿ ರಾಜರ ಹಸ್ತಸ್ಪರ್ಶದಿಂದ ಇದು ಶಮನವಾಗುವುದೆಂಬ ವಿಶ್ವಾಸ ಶತಮಾನಗಳವರೆಗೆ ನಡೆದುಬಂದಿತು. ೧೭೧೨ರಲ್ಲಿ ಆ್ಯನ್ ರಾಣಿಯ ಸ್ಪರ್ಶವನ್ನು ಪಡೆದ ಎಳೆಯ ಮಕ್ಕಳಲ್ಲಿ ಮುಂದೆ ನಿಘಂಟುಕಾರನಾಗಿ ಪ್ರಸಿದ್ಧನಾದ ಸ್ಯಾಮ್ಯುಯೆಲ್ ಜಾನ್ಸನ್ ಒಬ್ಬನು. ಈ ಗಂಟುಗಳಲ್ಲಿ ಬಹುಪಾಲು ಕ್ಷಯದ ಫಲವೆಂಬುದು ೧೮೮೨ರಲ್ಲಿ ರಾಬರ್ಟ್ ಕಾಖ್ ಕ್ಷಯದ ಜೀವಾಣುವನ್ನು ಕಂಡುಹಿಡಿದ ಬಳಿಕ ನಿಶ್ಚಿತವಾಯಿತು.

ಗಂಟುಗಳ ನಿಜವಾದ ಸಂಬಂಧವನ್ನು ಅರಿಯಲು ಮೊದಲು ದುಗ್ಧಮಾರ್ಗವು ತಿಳಿಯಬೇಕಾಗಿತ್ತು. ಫ್ರಾನ್ಸಿನ ಝಾನ್ ಪೆಕೆ ೧೬೫೧ರಲ್ಲಿ ಪ್ರಕಟಿಸಿದ ಶೋಧನೆಯಿಂದ, ಕರುಳಿನಿಂದ ಬರುವ ದುಗ್ಧರಸವು ಯಕೃತ್ತಿಗೆ ಹೋಗದೆ ಎದೆಯ ಮೂಲಕ ಮೇಲೇರಿ ಕೊರಳ ಬುಡದಲ್ಲಿ ಅಭಿಧಮನಿಗಳನ್ನು ಸೇರುವುದೆಂದು ಗೊತ್ತಾಯಿತು. ಡೆನ್ಮಾರ್ಕಿನ ಥಾಮಸ್ ಬಾರ್ತೊಲಿನ್ ಮುಂದಿನ ವರ್ಷಗಳಲ್ಲಿ ಈ ನಾಳಗಳು ಸರ್ವಶರೀರವನ್ನೂ ವ್ಯಾಪಿಸಿರುವುದನ್ನು ತೋರಿಸಿದನು. ಮನುಷ್ಯನಲ್ಲಿ ಪ್ರಧಾನವಾದ ದುಗ್ಧನಾಳ ಕೂಡುವುದು ಎಡಗಡೆಯಲ್ಲಿ, ಜುಗುಲರ್ ಅಭಿಧಮನಿಯೂ ತೋಳಿನ ಅಭಿಧಮನಿಯೂ ಸಂಗಮಿಸುವ ಮೂಲೆಯಲ್ಲಿ. ಈ ಒಂದು ರಚನಾಸತ್ಯದಿಂದಲೇ, ಜಠರದ ಅರ್ಬುದದಲ್ಲಿ ಎಡಗೊರಳೆಲುಬಿನ ಮೇಲಣ ಗ್ರಂಥಿ ಬಾತುಕೊಳ್ಳುವುದೆಂದು ೧೮೪೮ರಲ್ಲಿ ರುಡಾಲ್ಫ್ ಫಿರ್ಖೊ ಮಾಡಿದ ಅವಲೋಕನವು ಅರ್ಥವಾಗುತ್ತದೆ. ಹೊಟ್ಟೆಯ ಆಳದಲ್ಲಿರುವ ರೋಗದ ಸುದ್ದಿಯನ್ನು ಕೊರಳಿನ ಪಕ್ಕದಲ್ಲಿ ಬೆರಳಿನಿಂದ ಮುಟ್ಟಿ ತಿಳಿಯಬಹುದೆಂಬ ಈ ಪಾಠ ಇಂದಿಗೂ ವೈದ್ಯವಿದ್ಯಾರ್ಥಿಯ ಮೊದಲ ಪಾಠಗಳಲ್ಲಿ ಸೇರಿದೆ.

೬. ಶಸ್ತ್ರವೈದ್ಯರ ಶಾರೀರ

ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಕೊರಳ ಪಾರ್ಶ್ವವು ಶಸ್ತ್ರಕ್ರಿಯೆಯ ಕ್ಷೇತ್ರವಾಯಿತು. ಲಂಡನ್ನಿನ ಜಾನ್ ಅಬರ್ನೆಥಿ ೧೭೯೮ರಲ್ಲಿ ದನದ ಕೊಂಬಿನಿಂದ ತಿವಿಯಲ್ಪಟ್ಟವನೊಬ್ಬನ ಕೆರಾಟಿಡ್ ಧಮನಿಯನ್ನು ಕಟ್ಟಿ ರಕ್ತಸ್ರಾವವನ್ನು ನಿಲ್ಲಿಸಿದನಾದರೂ ರೋಗಿ ಉಳಿಯಲಿಲ್ಲ. ೧೮೦೩ರಲ್ಲಿ ಟೊನಾಂಟ್ ಎಂಬ ಯುದ್ಧನೌಕೆಯಲ್ಲಿ ಡೇವಿಡ್ ಫ್ಲೆಮಿಂಗ್ ಎಂಬ ಶಸ್ತ್ರವೈದ್ಯನು ಮಾಡಿದ ಬಂಧನದಿಂದ ರೋಗಿ ಬದುಕಿದನು. ಧಮನಿಯ ಗೋಡೆ ಉಬ್ಬಿ ಒಡೆಯುವ ರೋಗಕ್ಕೆ ಇದೇ ಚಿಕಿತ್ಸೆಯನ್ನು ೧೮೦೫ರಲ್ಲಿ ಆ್ಯಸ್ಟ್ಲಿ ಕೂಪರ್ ಕೈಗೊಂಡಾಗ, ರೋಗಿಗೆ ಪಾರ್ಶ್ವವಾಯುವೂ ತರುವಾಯ ಮರಣವೂ ಒದಗಿದುವು. ೧೮೦೮ರಲ್ಲಿ ಅವನೇ ಮಾಡಿದ ಎರಡನೆಯ ಪ್ರಯತ್ನದ ರೋಗಿ ೧೮೨೧ರವರೆಗೆ ಬಾಳಿದನು. ವಿಲಿಸನ ವಲಯವು ಕೆಲವರನ್ನು ಕಾಯುತ್ತದೆ, ಎಲ್ಲರನ್ನೂ ಅಲ್ಲ ಎಂಬ ಸತ್ಯ ಹೀಗೆ ಶಸ್ತ್ರಾಗಾರದಲ್ಲಿ ಪ್ರಕಟವಾಯಿತು. ಪಶುಗಳಿಂದ ಗ್ಯಾಲೆನನು ಪಡೆದ ಆಶ್ವಾಸನೆಯು ಮನುಷ್ಯನಲ್ಲಿ ಅರ್ಧಸತ್ಯವೆಂದು ಕಂಡುಬಂದಿತು.

ಇಂತಹ ಕ್ರಿಯೆಗಳಿಗೆ ರಚನೆಗಳ ಹೆಸರುಗಳಷ್ಟೇ ಸಾಲವು. ಯಾವುದು ಯಾವುದರ ಮುಂದೆ, ಯಾವುದು ಯಾವುದರ ಹಿಂದೆ ಎಂಬ ಸಂಬಂಧಜ್ಞಾನ ಬೇಕು. ಗ್ಲಾಸ್ಗೋ ನಗರದ ಆ್ಯಲನ್ ಬರ್ನ್ಸ್ ೧೮೧೧ರಲ್ಲಿ ಪ್ರಕಟಿಸಿದ ಶಿರೋಗ್ರೀವೆಗಳ ಶಸ್ತ್ರೋಪಯೋಗಿ ಶಾರೀರವು ಈ ದೃಷ್ಟಿಯ ಆದ್ಯಗ್ರಂಥಗಳಲ್ಲಿ ಒಂದು. ಮುಂದಣ ಮತ್ತು ಹಿಂದಣ ತ್ರಿಕೋಣಗಳನ್ನು ಸಣ್ಣ ಸ್ನಾಯುಗಳ ಗಡಿಗಳಿಂದ ಮತ್ತೆ ಕಿರಿಯ ತ್ರಿಕೋಣಗಳಾಗಿ ವಿಂಗಡಿಸಿ ಪ್ರತಿಯೊಂದರ ಒಳವಸ್ತುಗಳನ್ನೂ ಎಣಿಸುವ ಪದ್ಧತಿಯು ಹೆನ್ರಿ ಗ್ರೇ ೧೮೫೮ರಲ್ಲಿ ಹೊರತಂದ ಪಠ್ಯಗ್ರಂಥದ ಮೂಲಕ ಲೋಕವ್ಯಾಪಿಯಾಯಿತು. ಆ ಗ್ರಂಥದ ಚಿತ್ರಗಳನ್ನು ರಚಿಸಿದ ಹೆನ್ರಿ ವ್ಯಾಂಡೈಕ್ ಕಾರ್ಟರನು ಅದೇ ವರ್ಷ ಭಾರತಕ್ಕೆ ಬಂದು, ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಶಾರೀರವನ್ನು ಬೋಧಿಸಿದನು. ನಮ್ಮ ದೇಶದಲ್ಲಿ ಅದಕ್ಕೆ ಮೊದಲೇ, ೧೮೩೬ರಲ್ಲಿ, ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಆಯುರ್ವೇದ ಪಂಡಿತರಾದ ಮಧುಸೂದನ ಗುಪ್ತರು ಸಾಮಾಜಿಕವಾದ ನಿಷೇಧವನ್ನು ಮೀರಿ ಶವಚ್ಛೇದನವನ್ನು ಕೈಗೊಂಡಿದ್ದರು. ಪ್ರತ್ಯಕ್ಷವನ್ನು ಕಡ್ಡಾಯವೆಂದ ಸುಶ್ರುತನ ವಿಧಿಯು ಬಹುಕಾಲದ ವಿಸ್ಮೃತಿಯ ತರುವಾಯ ಆ ಪಂಡಿತರ ಕೈಯಿಂದಲೇ ಪುನಃ ಆಚರಣೆಗೆ ಬಂದುದು ನಮ್ಮ ವೈದ್ಯಚರಿತ್ರೆಯ ಮಹತ್ತ್ವದ ಘಟನೆ. ಮೈಸೂರು ಸಂಸ್ಥಾನದಲ್ಲಿ ವೈದ್ಯಕೀಯ ಕಾಲೇಜು ೧೯೨೪ರಲ್ಲಿ ಸ್ಥಾಪಿತವಾದ ಮೇಲೆ ಕನ್ನಡನಾಡಿನ ವಿದ್ಯಾರ್ಥಿಗಳಿಗೂ ಈ ತ್ರಿಕೋಣಗಳನ್ನು ಸ್ವದೇಶದಲ್ಲಿಯೇ, ಸ್ವಹಸ್ತದಿಂದ ಬಿಡಿಸಿ ನೋಡುವ ಅವಕಾಶ ದೊರೆಯಿತು.

೭. ಒತ್ತಡದ ರಹಸ್ಯ

ಕೊರಳನ್ನು ಒತ್ತಿದಾಗ ಪ್ರಜ್ಞೆ ತಪ್ಪುವುದೇಕೆಂಬ ಅರಿಸ್ಟಾಟಲನ ಕಾಲದ ಪ್ರಶ್ನೆ ಇಷ್ಟಾದರೂ ಪೂರ್ಣವಾಗಿ ಬಗೆಹರಿದಿರಲಿಲ್ಲ. ಇಂಗ್ಲೆಂಡಿನ ಕೇಲಬ್ ಪ್ಯಾರಿ ೧೭೯೯ರಲ್ಲಿ, ಕೆರಾಟಿಡ್ ಧಮನಿಯನ್ನು ಒತ್ತಿದರೆ ಹೃದಯದ ಬಡಿತ ನಿಧಾನವಾಗುವುದೆಂದು ಬರೆದನು. ೧೮೬೬ರಲ್ಲಿ ಚೆರ್ಮಾಕ್ ಇದನ್ನೇ ಪರೀಕ್ಷಿಸಿ, ಧಮನಿಯ ಪಕ್ಕದಲ್ಲಿರುವ ವೇಗಸ್ ನರವು ಬೆರಳಿನ ಒತ್ತಡದಿಂದ ಪ್ರಚೋದಿತವಾಗುವುದೇ ಕಾರಣವೆಂದನು. ನರ ನಾಳಗಳು ಒಂದೇ ಕೋಶದಲ್ಲಿರುವುದರಿಂದ ಈ ವಿವರಣೆ ಸಹಜವಾಗಿಯೇ ತೋರಿತು. ಐವತ್ತು ವರ್ಷಗಳಿಗೂ ಮೀರಿ ಅದೇ ಪ್ರಚಲಿತವಾದ ಮತವಾಗಿ ನಿಂತಿತು. ಇಲ್ಲಿ ನಡೆದುದು ಗ್ಯಾಲೆನನು ತಿದ್ದಿದ ತಪ್ಪಿನ ವಿಪರ್ಯಾಸ: ಅಂದು ನರದ ಧರ್ಮವನ್ನು ಧಮನಿಗೆ ಆರೋಪಿಸಿದ್ದರು, ಇಂದು ಧಮನಿಯ ಧರ್ಮವನ್ನು ನರಕ್ಕೆ ಆರೋಪಿಸಿದರು.

ಇದನ್ನು ಬಿಡಿಸಿದವನು ಜರ್ಮನಿಯ ಹೈನ್ರಿಶ್ ಎವಾಲ್ಡ್ ಹೇರಿಂಗ್. ಕೆರಾಟಿಡ್ ಧಮನಿಯು ಒಳಶಾಖೆ ಹೊರಶಾಖೆಗಳಾಗಿ ಕವಲೊಡೆಯುವೆಡೆಯಲ್ಲಿ, ಒಳಶಾಖೆಯ ಬುಡದಲ್ಲಿರುವ ಸಣ್ಣ ಹಿಗ್ಗು ಅಥವಾ ಸೈನಸ್ ಎಂಬ ಭಾಗದ ಗೋಡೆಯನ್ನು ಹಿಗ್ಗಿಸಿದರೆ ಹೃದಯವು ನಿಧಾನವಾಗಿ ರಕ್ತದೊತ್ತಡ ಇಳಿಯುವುದೆಂದೂ, ಆ ಸಂವೇದನೆಯು ನಾಲಗೆ ಗಂಟಲುಗಳ ನರದ ಒಂದು ಶಾಖೆಯ ಮೂಲಕ ಮಿದುಳಿಗೆ ಹೋಗುವುದೆಂದೂ ಅವನು ೧೯೨೩ರಿಂದ ಮುಂದಿನ ವರ್ಷಗಳಲ್ಲಿ ಪ್ರಯೋಗಗಳಿಂದ ಸಿದ್ಧಪಡಿಸಿದನು. ವೇಗಸ್ಸು ಇಲ್ಲಿ ಮಿದುಳಿನ ಉತ್ತರವನ್ನು ಹೃದಯಕ್ಕೆ ಒಯ್ಯುವ ಹಾದಿಯೇ ಹೊರತು, ಬೆರಳಿನ ಒತ್ತಡಕ್ಕೆ ನೇರವಾಗಿ ಸಿಲುಕಿದ ವಸ್ತುವಲ್ಲ.

ಅದೇ ಕವಲಿನಲ್ಲಿ ಗೋದಿಯ ಕಾಳಿನಷ್ಟು ಸಣ್ಣ ಪಿಂಡವೊಂದಿದೆ. ಹಾಲರನ ಶಿಷ್ಯನಾದ ಟೌಬೆ ೧೭೪೩ರಲ್ಲಿ ವರ್ಣಿಸಿದ್ದ ಇದನ್ನು ಬಹುಕಾಲ ನರಗ್ರಂಥಿಯೆಂದೋ ಸ್ರಾವಗ್ರಂಥಿಯೆಂದೋ ಎಣಿಸುತ್ತಿದ್ದರು. ಮ್ಯಾಡ್ರಿಡ್ ನಗರದಲ್ಲಿ ಕಹಾಲನ ಶಿಷ್ಯನಾದ ಫರ್ನಾಂಡೊ ದೆ ಕಾಸ್ತ್ರೊ ೧೯೨೬ರಿಂದ ೧೯೨೮ರವರೆಗೆ ಸೂಕ್ಷ್ಮದರ್ಶಕದಡಿಯಲ್ಲಿ ಅದರ ನರತುದಿಗಳನ್ನು ಪರಿಶೀಲಿಸಿ, ಇದು ರಕ್ತದ ರಾಸಾಯನಿಕ ಗುಣವನ್ನು ಸವಿದು ತಿಳಿಯುವ ಇಂದ್ರಿಯವೆಂದು ಸೂಚಿಸಿದನು. ಬೆಲ್ಜಿಯಮ್ಮಿನ ಗೆಂಟ್ ನಗರದ ಕಾರ್ನೇಯ್ ಹೇಮನ್ಸ್ ಪ್ರಯೋಗಗಳಿಂದ ಅದನ್ನು ದೃಢಪಡಿಸಿ, ಉಸಿರಾಟದ ನಿಯಂತ್ರಣದಲ್ಲಿ ಇದರ ಪಾತ್ರವನ್ನು ತೋರಿಸಿ ೧೯೩೮ರ ನೊಬೆಲ್ ಪಾರಿತೋಷಕವನ್ನು ಪಡೆದನು. ಕೆಲವೇ ಮಿಲಿಮೀಟರುಗಳ ಅಂತರದಲ್ಲಿರುವ ಎರಡು ವಸ್ತುಗಳಲ್ಲಿ ಒಂದು ಒತ್ತಡವನ್ನೂ ಇನ್ನೊಂದು ಪ್ರಾಣವಾಯುವಿನ ಕೊರತೆಯನ್ನೂ ಅರಿಯುವುವೆಂಬುದು ಈ ಚರಿತ್ರೆಯ ಅತಿ ಸೂಕ್ಷ್ಮವಾದ ವಿಂಗಡಣೆ.

ಕೋಶದ ಹಿಂದಣ ಅನುಕಂಪಿ ನರಸರಣಿಯೂ ಇದೇ ರೀತಿಯಾಗಿ ಬೇರ್ಪಟ್ಟಿತು. ಪುರ್ಫೂರ್ ದ್ಯು ಪೆತಿ ೧೭೨೭ರಲ್ಲಿ, ಕೊರಳಿನಲ್ಲಿ ಅದನ್ನು ಕತ್ತರಿಸಿದ ನಾಯಿಗಳ ಕಣ್ಣು ವಿಕಾರಗೊಳ್ಳುವುದನ್ನು ತೋರಿಸಿ, ಈ ನರವು ಮಿದುಳಿನಿಂದ ಇಳಿಯುವುದಲ್ಲ, ಕೆಳಗಿನಿಂದ ಮೇಲಕ್ಕೇರುವುದೆಂದು ಸಾಧಿಸಿದನು. ಕ್ಲೋಡ್ ಬರ್ನಾರ್ ೧೮೫೨ರ ಸುಮಾರಿಗೆ ಮೊಲದಲ್ಲಿ ಅದನ್ನು ಕತ್ತರಿಸಿ ಕಿವಿ ಬಿಸಿಯಾಗುವುದನ್ನು ಕಂಡನು; ಅಮೆರಿಕದ ಅಂತರ್ಯುದ್ಧದಲ್ಲಿ ಕೊರಳಿಗೆ ಗುಂಡು ತಗುಲಿದ ಸೈನಿಕನಲ್ಲಿ ಮಿಚೆಲ್ ಮತ್ತು ಸಂಗಡಿಗರು ೧೮೬೪ರಲ್ಲಿ ಇದೇ ಲಕ್ಷಣಗಳನ್ನು ವರ್ಣಿಸಿದರು; ಸ್ವಿಟ್ಸರ್ಲೆಂಡಿನ ಹಾರ್ನರ್ ೧೮೬೯ರಲ್ಲಿ ಅವುಗಳನ್ನು ಸಮಗ್ರವಾಗಿ ಒಟ್ಟುಗೂಡಿಸಿದನು. ಇಳಿದ ರೆಪ್ಪೆ, ಕಿರಿದಾದ ಪಾಪೆ, ಬೆವರದ ಕೆನ್ನೆ ಇವು ಕೊರಳಿನ ಆಳದ ವ್ಯಾಧಿಗೆ ಮುಖದಲ್ಲಿ ತೋರುವ ಚಿಹ್ನೆಗಳಾದುವು.

೮. ಕಿತ್ತುಹಾಕುವುದರಿಂದ ಕಾಪಾಡುವುದರ ಕಡೆಗೆ

ಇಪ್ಪತ್ತನೆಯ ಶತಮಾನದ ಶಸ್ತ್ರಚಿಕಿತ್ಸೆಯಲ್ಲಿ ಇದೇ ಪ್ರಶ್ನೆ ಮತ್ತೊಂದು ರೂಪದಿಂದ ಎದುರಾಯಿತು. ಬಾಯಿ ಗಂಟಲುಗಳ ಅರ್ಬುದವು ಕೊರಳಿನ ದುಗ್ಧಗ್ರಂಥಿಗಳಿಗೆ ಹರಡಿದಾಗ, ಒಂದೊಂದೇ ಗಂಟನ್ನು ಆಯ್ದು ತೆಗೆದರೆ ರೋಗ ಮರುಕಳಿಸುತ್ತಿತ್ತು. ಅಮೆರಿಕದ ಕ್ಲೀವ್‌ಲೆಂಡಿನ ಜಾರ್ಜ್ ಕ್ರೈಲ್ ೧೯೦೬ರಲ್ಲಿ ೧೩೨ ಶಸ್ತ್ರಕ್ರಿಯೆಗಳ ಅನುಭವವನ್ನು ಪ್ರಕಟಿಸಿ, ಸ್ಟರ್ನೊಮಾಸ್ಟಾಯ್ಡ್ ಸ್ನಾಯು ಮತ್ತು ಜುಗುಲರ್ ಅಭಿಧಮನಿಗಳೊಡನೆ ಗ್ರಂಥಿಗಳನ್ನೆಲ್ಲ ಒಂದೇ ಪಿಂಡವಾಗಿ ತೆಗೆಯುವ ವಿಧಾನವನ್ನು ಪ್ರತಿಪಾದಿಸಿದನು. ನ್ಯೂಯಾರ್ಕಿನ ಹೇಯ್ಸ್ ಮಾರ್ಟಿನ್ ೧೯೫೧ರಲ್ಲಿ ಅದನ್ನು ಶಾಸ್ತ್ರೀಯವಾಗಿ ಸ್ಥಿರಗೊಳಿಸಿ, ಉಪಾಂಗನರವನ್ನು ಉಳಿಸುವ ಯತ್ನವನ್ನೂ ಒಪ್ಪಲಿಲ್ಲ. ಈ ವಿಧಾನದಿಂದ ಅನೇಕ ಜೀವಗಳು ಉಳಿದುವೆಂಬುದು ನಿಸ್ಸಂಶಯ. ಆದರೆ ವಿಲಿಸನು ವರ್ಣಿಸಿದ ಆ ನರವನ್ನು ಕಳೆದುಕೊಂಡವರ ಹೆಗಲು ಜೋತುಬಿದ್ದು, ತೋಳನ್ನು ಮೇಲಕ್ಕೆತ್ತಲಾರದೆ, ದೀರ್ಘಕಾಲದ ನೋವನ್ನು ಸಹಿಸಬೇಕಾಯಿತು.

ಅರ್ಜೆಂಟೀನದ ಓಸ್ವಾಲ್ಡೊ ಸುವಾರೆಸ್ ೧೯೬೩ರಲ್ಲಿ, ಕೊರಳಿನ ದುಗ್ಧಗ್ರಂಥಿಗಳು ಪೊರೆಗಳ ಪದರಗಳ ನಡುವೆ ಕೊಬ್ಬಿನಲ್ಲಿ ಹುದುಗಿವೆ, ಸ್ನಾಯುವಿನೊಳಗಾಗಲಿ ಅಭಿಧಮನಿಯ ಗೋಡೆಯಲ್ಲಾಗಲಿ ಇಲ್ಲವೆಂಬ ರಚನಾತತ್ತ್ವವನ್ನು ಮುಂದಿಟ್ಟು, ಪೊರೆಯನ್ನು ಗ್ರಂಥಿಗಳೊಡನೆ ಸುಲಿದು ತೆಗೆದು ಸ್ನಾಯು, ಅಭಿಧಮನಿ, ನರಗಳನ್ನು ಉಳಿಸಬಹುದೆಂದು ತೋರಿಸಿದನು. ಇಟಲಿಯ ಎತ್ತೊರೆ ಬೊಕ್ಕಾ ಅದನ್ನು ಪ್ರಚುರಗೊಳಿಸಿದನು. ರೋಗವು ಆ ರಚನೆಗಳಿಗೇ ವ್ಯಾಪಿಸದಿದ್ದ ಪಕ್ಷದಲ್ಲಿ ಅವುಗಳನ್ನು ಬಲಿಕೊಡಬೇಕಾಗಿಲ್ಲ. ಹೊಗೆಸೊಪ್ಪು ಮತ್ತು ಅಡಿಕೆಯ ಚಟದಿಂದ ಬಾಯಿಯ ಅರ್ಬುದವು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ, ದುಡಿಯುವ ತೋಳಿನ ಬಲವನ್ನೇ ನಂಬಿ ಬದುಕುವ ರೋಗಿಗಳಿಗೆ ಈ ವಿವೇಚನೆಯ ಬೆಲೆ ಎಷ್ಟೆಂಬುದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಧಮನಿಯ ವಿಷಯದಲ್ಲಿಯೂ ಇದೇ ಪರಿವರ್ತನೆ ಸಂಭವಿಸಿತು. ಲಿಸ್ಬನ್ನಿನ ಎಗಾಸ್ ಮೊನೀಸ್ ೧೯೨೭ರಲ್ಲಿ ಕೆರಾಟಿಡ್ ಧಮನಿಗೆ ದ್ರವವನ್ನು ಹೊಗಿಸಿ ಮಿದುಳಿನ ನಾಳಗಳ ಕ್ಷಕಿರಣಚಿತ್ರವನ್ನು ಪಡೆದನು. ಕೊರಳಿನಲ್ಲಿ ಧಮನಿ ಕಿರಿದಾಗುವುದರಿಂದ ಪಾರ್ಶ್ವವಾಯು ಬರುವುದೆಂಬುದನ್ನು ೧೯೫೧ರಲ್ಲಿ ಮಿಲ್ಲರ್ ಫಿಶರ್ ಮನಗಾಣಿಸಿದನು. ೧೯೫೪ರಲ್ಲಿ ಲಂಡನ್ನಿನ ಈಸ್ಟ್‌ಕಾಟ್ ಮತ್ತು ಸಂಗಡಿಗರು ಅಂತಹ ಒಂದು ಭಾಗವನ್ನು ತೆಗೆದು ಧಮನಿಯನ್ನು ಪುನಃ ಜೋಡಿಸಿದ ವರದಿ ಪ್ರಸಿದ್ಧವಾಯಿತು. ೧೯೯೧ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಪರೀಕ್ಷೆಯಲ್ಲಿ, ಲಕ್ಷಣಗಳೊಡನೆ ಶೇಕಡ ೭೦ಕ್ಕೆ ಮೀರಿ ಧಮನಿ ಕಿರಿದಾದವರಲ್ಲಿ, ಅದೇ ಪಕ್ಕದ ಪಾರ್ಶ್ವವಾಯುವಿನ ಅಪಾಯವು ಎರಡು ವರ್ಷಗಳಲ್ಲಿ ಔಷಧದಿಂದ ಮಾತ್ರ ಚಿಕಿತ್ಸೆ ಪಡೆದವರಿಗೆ ಶೇಕಡ ೨೬ ಇದ್ದರೆ, ಶಸ್ತ್ರಕ್ರಿಯೆ ಪಡೆದವರಿಗೆ ಶೇಕಡ ೯ ಆಗಿದ್ದಿತು. ಅಬರ್ನೆಥಿ ಕಟ್ಟಿ ಮುಚ್ಚಿದ ಧಮನಿಯನ್ನು ಈಗ ತೆರೆದು ಶುದ್ಧಿಗೊಳಿಸುತ್ತಾರೆ. ಆ ಕ್ರಿಯೆಯಲ್ಲಿ ವೇಗಸ್ಸನ್ನೂ ನಾಲಗೆಯ ನರವನ್ನೂ ಕವಲಿನ ಸೈನಸ್ಸನ್ನೂ ಕಾಪಾಡುವ ಶ್ರದ್ಧೆ, ಮೇಲೆ ವಿವರಿಸಿದ ಪ್ರತಿಯೊಂದು ವಿಂಗಡಣೆಯ ಫಲವೇ ಆಗಿದೆ.

೯. ಉಪಸಂಹಾರ

ಈ ಸಮೀಕ್ಷೆಯಿಂದ ಎರಡು ತೀರ್ಮಾನಗಳು ಉದಿಸುತ್ತವೆ. ಮೊದಲನೆಯದು, ಕೊರಳ ಪಾರ್ಶ್ವದ ವಿಷಯದಲ್ಲಿ ಅವಲೋಕನವು ಬಹುಮಟ್ಟಿಗೆ ಯಾವ ಕಾಲದಲ್ಲಿಯೂ ಸರಿಯಾಗಿಯೇ ಇದ್ದಿತು. ದೋಷವು ಬಂದುದು ಆರೋಪದಲ್ಲಿ. ಗಾಯದ ಪರಿಣಾಮಗಳನ್ನು ಸುಶ್ರುತಸಂಹಿತೆಯು ಸ್ಪಷ್ಟವಾಗಿ ಕಂಡಿತು. ಅರಿಸ್ಟಾಟಲನೂ ಚೆರ್ಮಾಕನೂ ತಮ್ಮ ಕಣ್ಣೆದುರಿನ ಸಂಗತಿಯನ್ನು ತಪ್ಪಾಗಿ ನೋಡಲಿಲ್ಲ. ಸಮೀಪದಲ್ಲಿರುವುದನ್ನು ಕಾರಣವೆಂದು ಎಣಿಸುವ ಪ್ರವೃತ್ತಿಯನ್ನು ಸೋಲಿಸಿದುದು, ಒಂದನ್ನು ಉಳಿಸಿ ಮತ್ತೊಂದನ್ನು ಮುಟ್ಟುವ ಪ್ರಯೋಗವೊಂದೇ.

ಎರಡನೆಯದು ನಮ್ಮ ವೈದ್ಯಪರಂಪರೆಯ ಚರಿತ್ರೆಯನ್ನು ಬರೆಯುವವರಿಗೆ ಸಂಬಂಧಿಸಿದುದು. ನೀಲಾ ಎಂದರೆ ಇಂತಹ ಅಭಿಧಮನಿ, ಮನ್ಯಾ ಎಂದರೆ ಇಂತಹ ಧಮನಿ, ಮಾತೃಕೆ ಎಂದರೆ ಇಂತಿಂತಹ ಶಾಖೆಗಳು ಎಂದು ಆಧುನಿಕ ಪಟ್ಟಿಯೊಂದಿಗೆ ಒಂದಕ್ಕೊಂದು ಹೊಂದಿಸುವ ಪ್ರಯತ್ನಗಳು ಬಹಳವಾಗಿವೆ. ಅವು ಪರಸ್ಪರ ಭಿನ್ನವಾಗಿಯೂ ಇವೆ. ಇಂತಹ ಸಮೀಕರಣದಿಂದ ಪ್ರಾಚೀನರಿಗೆ ಗೌರವ ಸಲ್ಲುವುದಿಲ್ಲ, ಅವರ ನಿಜವಾದ ಸಾಧನೆಯೂ ಕಾಣದೆಹೋಗುತ್ತದೆ. ಅವರು ಆಘಾತದ ಫಲದಿಂದ ಪ್ರದೇಶಗಳನ್ನು ವಿಂಗಡಿಸಿದರು, ಕೊಲ್ಲುವ ಗಾಯವನ್ನೂ ಕುಂದಿಸುವ ಗಾಯವನ್ನೂ ಬೇರೆಬೇರೆಯಾಗಿ ಕಂಡರು, ಚುಚ್ಚಬಾರದ ಸಿರೆಗಳನ್ನು ಹೆಸರಿಸಿ ಶಿಷ್ಯರ ಕೈಯನ್ನು ತಡೆದರು, ಶಾಸ್ತ್ರವನ್ನು ಪ್ರತ್ಯಕ್ಷದೊಡನೆ ಸರಿತೂಗಿಸಿ ನೋಡಬೇಕೆಂದು ವಿಧಿಸಿದರು. ಗ್ಯಾಲೆನನಿಂದ ಸುವಾರೆಸನವರೆಗಿನ ಶೋಧಕರು ನಡೆಸಿದುದು ಆ ಎರಡು ಕಾರ್ಯಗಳನ್ನೇ: ಕಂಡುದನ್ನು ಇನ್ನಷ್ಟು ಸೂಕ್ಷ್ಮವಾಗಿ ವಿಂಗಡಿಸುವುದು, ಕಂಡ ಬಳಿಕ ಶಸ್ತ್ರಕ್ಕೆ ಎಲ್ಲೆ ಹಾಕುವುದು. ಈ ಸಾಮ್ಯದಲ್ಲಿ ಸುಶ್ರುತಸಂಹಿತೆಗೆ ಶಾರೀರಚರಿತ್ರೆಯಲ್ಲಿ ಸಲ್ಲತಕ್ಕ ಸ್ಥಾನವು ನಿಶ್ಚಿತವಾಗಿದೆ. ಅದಕ್ಕೆ ಆಧುನಿಕ ನಾಮಾವಳಿಯ ಸಾಕ್ಷ್ಯ ಬೇಕಾಗಿಲ್ಲ.